ಹೊಳೆ ದಾಟಿದ ಕಣ್ಣು

ತಲೆಯ ಮೇಲೆ ಒಂದು ಹನಿ ಮಳೆಯಿಲ್ಲ, ಆದರೂ ಕೃಷ್ಣೆ ತುಂಬಿ ಬಂದು ಒಂಬತ್ತು ದಿನವಾಗಿತ್ತು. ಬನ್ನಿಗಡ್ಡೆಯವರಿಗೆ ಇದೇನೂ ಹೊಸದಲ್ಲ. ಮಳೆ ಬೀಳುವುದು ಎಲ್ಲೋ ದೂರದ ಘಟ್ಟದಲ್ಲಿ, ಬಾಗಿಲು ತೆರೆಯುವುದು ಮೇಲಿನ ಆಣೆಕಟ್ಟೆಯಲ್ಲಿ, ದಾರಿ ಮುಳುಗುವುದು ಮಾತ್ರ ಇವರದು. ಹೊಳೆಯ ಎರಡು ಕವಲುಗಳ ನಡುವೆ ಆಮೆಯ ಬೆನ್ನಿನಂತೆ ಎದ್ದು ನಿಂತ ಈ ಗಡ್ಡೆಯಲ್ಲಿ ಅರವತ್ತು ಚಿಲ್ಲರೆ ಮನೆಗಳಿವೆ. ಶ್ರಾವಣ ಹತ್ತಿರ ಬಂತೆಂದರೆ ಜೋಳ ಬೀಸಿಟ್ಟುಕೊಂಡು, ಬೇಳೆ ಎಣ್ಣೆ ತುಂಬಿಟ್ಟುಕೊಂಡು, ಹೊಳೆ ಬಂದಷ್ಟು ದಿನ ಬರಲಿ ಎಂದು ಕಾಲು ಚಾಚಿ ಕೂರುವ ಮಂದಿ ಅವರು. ಆ ಹತ್ತು ಹದಿನೈದು ದಿನ ಯಾರೂ ಬರುವಂತಿಲ್ಲ, ಯಾರೂ ಹೋಗುವಂತಿಲ್ಲ. ಹೋಗುವುದು ಬರುವುದು ಏನಿದ್ದರೂ ಬೆಳಕಿನದು.

ಒಂದು ಕಾಲಕ್ಕೆ ಅವರಿಗೂ ಮೊಬೈಲು ಇತ್ತು. ಹನ್ನೆರಡು ವರ್ಷದ ಹಿಂದೆ ದಕ್ಷಿಣದ ಕಲ್ಲುಬೆಟ್ಟಗಳ ನಡುವೆ, ಆಕಾಶಕ್ಕೆ ಕಿವಿಗೊಟ್ಟು ಕೂರುವ ದೊಡ್ಡ ದೊಡ್ಡ ತಟ್ಟೆಗಳನ್ನು ನಿಲ್ಲಿಸಿದರು. ನಕ್ಷತ್ರಗಳಿಂದ ಬರುವ ರೇಡಿಯೊ ಸದ್ದು ಎಷ್ಟು ಸಣ್ಣದೆಂದರೆ, ಐವತ್ತು ಕಿಲೋಮೀಟರ್ ಆಚೆ ಒಂದು ಫೋನು ಉಸಿರಾಡಿದರೂ ಅದು ಮುಚ್ಚಿಹೋಗುತ್ತದಂತೆ. ಹಾಗಾಗಿ ಸುತ್ತಲ ಮೂರು ತಾಲೂಕು ಮೌನವಲಯವಾಯಿತು. ಟವರುಗಳನ್ನು ಇಳಿಸಿದರು, ಊರೂರಿಗೆ ನೆಲದಡಿ ತಂತಿ ಎಳೆದರು. ಬನ್ನಿಗಡ್ಡೆಗೆಂದು ಹೊಳೆಯ ತಳದಲ್ಲಿ ಎಳೆದ ತಂತಿಯನ್ನು ಮೊದಲ ಪ್ರವಾಹ ಹರಿದುಕೊಂಡು ಹೋಯಿತು. ಮರುವರ್ಷ ಎಳೆದದ್ದನ್ನು ಎರಡನೆಯ ಪ್ರವಾಹ ಒಯ್ದಿತು. ಮೂರನೆಯದನ್ನು ಎಳೆಯುವ ಧೈರ್ಯ ಯಾರಿಗೂ ಬರಲಿಲ್ಲ. ಆಗ ದೀಪದಕಟ್ಟೆ ಬಂತು.

ಗಡ್ಡೆಯ ಎತ್ತರದ ಜಾಗದಲ್ಲಿ, ಹುಲಿಗೆವ್ವನ ಮನೆಯ ಹಿಂದೆ, ಆಳೆತ್ತರದ ಕಲ್ಲಿನ ಕಟ್ಟೆ. ಅದರ ಮೇಲೊಂದು ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಗೆ ಎರಡು ಗಾಜಿನ ಕಣ್ಣು, ಒಂದು ಹೇಳುವುದು, ಇನ್ನೊಂದು ಕೇಳುವುದು. ಚಿತ್ರವೊಂದನ್ನು ಕಳಿಸಬೇಕೆಂದರೆ ಯಂತ್ರ ಮೊದಲು ಅದನ್ನು ಸಾಸಿವೆಗಿಂತ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ಪ್ರತಿ ಚುಕ್ಕೆಗೂ ಅದರ ಬಣ್ಣ ಹೇಳುವ ಒಂದು ಸಂಖ್ಯೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಆ ಸಂಖ್ಯೆಗಳನ್ನು, ದೀಪ ಹಚ್ಚಿ ಆರಿಸಿ, ಹಚ್ಚಿ ಆರಿಸಿ ಹೇಳುತ್ತ ಹೋಗುತ್ತದೆ. ಈ ಮಿಡಿತ ನಮಗೆ ಕಾಣುವುದಿಲ್ಲ, ದೀಪದ ಬಣ್ಣವೇ ಮನುಷ್ಯರ ಕಣ್ಣಿಗೆ ನಿಲುಕದ ಬಣ್ಣ. ಎರಡು ಕಿಲೋಮೀಟರ್ ನೀರಿನ ಆಚೆ, ಕಲ್ಲಮೊರಡಿ ಗುಡ್ಡದ ಕೇಂದ್ರದಲ್ಲಿ ಊಟದ ತಟ್ಟೆಯಷ್ಟಗಲದ ಗಾಜು ಆ ಬೆಳಕನ್ನು ಹಿಡಿದು ಸೂಜಿಮೊನೆಯಷ್ಟು ಜಾಗಕ್ಕೆ ಸುರಿಯುತ್ತದೆ. ಅಲ್ಲಿ ಸಂಖ್ಯೆಗಳು ಮತ್ತೆ ಚುಕ್ಕೆಗಳಾಗುತ್ತವೆ, ಚುಕ್ಕೆಗಳು ಚಿತ್ರವಾಗುತ್ತವೆ. ಅಲ್ಲಿಂದ ಮುಂದೆ ತಂತಿಯ ದಾರಿ.

ಈ ದೀಪ ಕಾಯುವವಳು ಹುಲಿಗೆವ್ವ. ಅರವತ್ತು ದಾಟಿದವಳು, ಕೌದಿ ಹೊಲಿಯುವುದು ಅವಳ ಹಳೆಯ ಕಸುಬು. ಕಟ್ಟೆ ಅವಳ ಹಿತ್ತಲಲ್ಲೇ ಎದ್ದದ್ದರಿಂದ, ಮೆತ್ತನೆಯ ಬಟ್ಟೆಯಿಂದ ದಿನಾ ಗಾಜು ಒರೆಸಿಕೊಡು ಎಂದು ಕಟ್ಟಲು ಬಂದವರು ಅವಳನ್ನೇ ಕೇಳಿದ್ದರು. ಒರೆಸುತ್ತ ಒರೆಸುತ್ತ ಅವಳು ಪೆಟ್ಟಿಗೆಯ ಎಲ್ಲ ಗುಂಡಿಗಳನ್ನೂ ಕಲಿತಳು. ಈಗ ಏಳು ವರ್ಷವಾಯಿತು, ಬನ್ನಿಗಡ್ಡೆಯ ಮುಖ ಹೊರಗಿನವರಿಗೆ ಕಾಣುವುದು ಅವಳ ಕೈ ದಾಟಿಯೇ. ಊರವರೂ ಬೆಳಕಿಗೆ ಹೊಂದಿಕೊಂಡಿದ್ದರು. ಕಟ್ಟೆಯಿಂದ ಹೊಳೆಯವರೆಗೆ ಯಾರೂ ಸೀರೆ ಒಣಹಾಕುತ್ತಿರಲಿಲ್ಲ, ಆ ಸಾಲಿನಲ್ಲಿ ಬಣವೆ ಒಟ್ಟುತ್ತಿರಲಿಲ್ಲ. ಸಂಜೆ ಐದಕ್ಕೆ ಚಿತ್ರದ ಹೊತ್ತು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಈದ ಎಮ್ಮೆಯ ಕರುವನ್ನೋ ಹೊಸ ಮದುವಣಗಿತ್ತಿಯನ್ನೋ ಮುಂದೆ ನಿಲ್ಲಿಸಿಕೊಂಡು ಮಂದಿ ಬರುತ್ತಿದ್ದರು. ಅರ್ಧ ಜನ ಕ್ಯಾಮೆರಾ ಸೊಟ್ಟಗೆ ಹಿಡಿದು ತೆಗೆದುಕೊಂಡು ಬರುವವರು. ಅಡ್ಡ ಮಲಗಿದ ಮುಖಗಳನ್ನು ಒಂದು ಗುಂಡಿಯೊತ್ತಿ ನೆಟ್ಟಗೆ ಕೂರಿಸಿ ಕಳಿಸುವುದು ಅವಳಿಗೆ ರೂಢಿಯಾಗಿಹೋಗಿತ್ತು.

ಅವಳ ಗಂಡ ಗದ್ದೆಪ್ಪ ಒಂದು ಕಾಲದಲ್ಲಿ ಹರಿಗೋಲು ಹಾಕುತ್ತಿದ್ದವನು. ಹೊಳೆ ಬಂದಾಗಲೆಲ್ಲ ಅವನದು ಒಂದೇ ಪ್ರಶ್ನೆ.

"ಇಷ್ಟು ನೀರಾಗ ಚಿತ್ರ ತೊಯ್ಸ್ಕೊಂಡು ಹೋತೇನಬೇ?"

"ನೀ ಈಜಿ ಹೋಗಿ ನೋಡ್ಕೊಂಡು ಬಾ" ಎನ್ನುತ್ತಿದ್ದಳು ಅವಳು. ಏಳು ವರ್ಷದಿಂದ ಅದೇ ಪ್ರಶ್ನೆ, ಅದೇ ಉತ್ತರ. ಇಬ್ಬರಿಗೂ ಬೇಸರವಾಗಿರಲಿಲ್ಲ.

ಆದರೆ ಆ ವರ್ಷದ ಒಂಬತ್ತನೆಯ ದಿನ ಬೆಳಿಗ್ಗೆ ಗದ್ದೆಪ್ಪ ಕೇಳಲಿಲ್ಲ. ಕಟ್ಟೆಯ ಹತ್ತಿರ ಅದೇ ಊರಿನ ಬಾಣಂತಿ ಭೂಮಿಕಾ ನಿಂತಿದ್ದಳು.

ಭೂಮಿಕಾಳ ಕೂಸು ಏಳೂವರೆ ತಿಂಗಳಿಗೇ ಹುಟ್ಟಿತ್ತು. ಹುಟ್ಟಿದಾಗ ಒಂದು ಸೇರು ಅಕ್ಕಿಯಷ್ಟೂ ತೂಗುತ್ತಿರಲಿಲ್ಲ. ಪಟ್ಟಣಕ್ಕೆ ಒಯ್ಯುವಷ್ಟು ಜೀವ ಅದರಲ್ಲಿ ಇಲ್ಲವೆಂದು ಗಡ್ಡೆಯ ಆರೋಗ್ಯ ಕೇಂದ್ರದ ನರ್ಸ್ ಲಲಿತಾಬಾಯಿ ಅಲ್ಲೇ ಇಟ್ಟುಕೊಂಡಳು. ಮೂಗಿಗೆ ಆಮ್ಲಜನಕ ಕೊಟ್ಟಳು, ತಾಯಿಯ ಎದೆಗೆ ಕಟ್ಟಿ ಬೆಚ್ಚಗಿಟ್ಟಳು. ಕೂಸು ಉಳಿಯಿತು, ಚೀಪಲು ಕಲಿಯಿತು. ಇನ್ನೇನು ಪಟ್ಟಣಕ್ಕೆ ಒಮ್ಮೆ ತೋರಿಸಿಕೊಂಡು ಬರೋಣ ಎನ್ನುವಷ್ಟರಲ್ಲಿ ಹೊಳೆ ಬಂತು. ಕೂಸಿನ ಅಪ್ಪ ದುರುಗೇಶ ಹಿಂದಿನ ದಿನವಷ್ಟೇ ಎಣ್ಣೆ ಬೇಳೆ ತರಲು ದಡಕ್ಕೆ ಹೋದವನು ಅಲ್ಲೇ ಸಿಕ್ಕಿಕೊಂಡ.

ಉಳಿದದ್ದು ಕಣ್ಣಿನ ಭಯ. ತಿಂಗಳು ತುಂಬದೆ ಹುಟ್ಟಿದ ಕೂಸಿನ ಕಣ್ಣೊಳಗೆ ರಕ್ತನಾಳಗಳು ಇನ್ನೂ ಬೆಳೆಯುತ್ತಿರುತ್ತವೆ, ನಡುವಿನಿಂದ ಅಂಚಿನ ಕಡೆಗೆ, ಚಪ್ಪರಕ್ಕೆ ಬಳ್ಳಿ ಹಬ್ಬಿದ ಹಾಗೆ. ಕೆಲವು ಕೂಸುಗಳಲ್ಲಿ ಬಳ್ಳಿ ಅಂಚಿನ ಹತ್ತಿರ ಬಂದು ನಿಂತು ಗಂಟುಗಟ್ಟುತ್ತದೆ, ಆಮೇಲೆ ಕಣ್ಣಿನ ಒಳಪರದೆಯನ್ನೇ ಎಳೆದು ಕೀಳುತ್ತದೆ. ಮೊದಲೇ ಕಂಡರೆ ಲೇಸರ್ ಹಿಡಿದು ತಡೆಯಬಹುದು. ತಡವಾದರೆ ಹೋದ ಕಣ್ಣು ಹೋಯಿತು. ಹುಟ್ಟಿದ ಮೂವತ್ತು ದಿನದೊಳಗೆ ಕಣ್ಣಿನ ವೈದ್ಯರು ನೋಡಲೇಬೇಕೆಂಬುದು ಅದಕ್ಕೇ ಇರುವ ನಿಯಮ. ಕೂಸಿಗೆ ಅಂದು ಇಪ್ಪತ್ತೆಂಟನೆಯ ದಿನ.

ಲಲಿತಾಬಾಯಿಯ ಹತ್ತಿರ ಕೂಸುಗಳ ಕಣ್ಣಿನೊಳಗಿನ ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾ ಇತ್ತು. ಆ ಬೆಳಿಗ್ಗೆ ಅವಳು ಎರಡೂ ಕಣ್ಣಿನ ಚಿತ್ರ ತೆಗೆದು, ಹುಲಿಗೆವ್ವನ ಪೆಟ್ಟಿಗೆಗೆ ತುಂಬಿ, ಕೂಸಿಗೆ ಹಾಲಿನ ಹೊತ್ತಾಯಿತೆಂದು ತಾಯಿಯನ್ನು ಒಳಗೆ ಕಳಿಸಿದಳು. ಜಿಲ್ಲಾ ಕೇಂದ್ರದಲ್ಲಿ ಕಣ್ಣಿನ ಡಾಕ್ಟರ್ ಮೇಘನಾ ದೇಸೂರ ಕಾಯುತ್ತಿದ್ದರು. ಚಿಕಿತ್ಸೆ ಬೇಕೆಂದು ಅವರು ಬರೆದುಕೊಟ್ಟರೆ ರಕ್ಷಣಾ ದಳದವರು ದೊಡ್ಡ ದೋಣಿ ಇಳಿಸುತ್ತಾರೆ. ಬೇಕೋ ಬೇಡವೋ ಗೊತ್ತಿಲ್ಲದೆ ಈ ಸೆಳವಿಗೆ ಆರು ಜನರನ್ನು ಇಳಿಸುವುದಿಲ್ಲ ಎಂದು ದಳದವರು ಮೊದಲೇ ಹೇಳಿದ್ದರು, ಅದು ತಪ್ಪೂ ಅಲ್ಲ.

ಹಾಗಾಗಿ ಎಲ್ಲವೂ ಚಿತ್ರದ ಮೇಲೆ ನಿಂತಿತು. ಚಿತ್ರ ಹೋಗಲಿಲ್ಲ.

ಗಡ್ಡೆಯ ಪಡುವಣಕ್ಕೆ ಹೊಳೆ ಬಂಡೆಗಳ ಮೇಲಿಂದ ಧುಮುಕುತ್ತದೆ. ಪ್ರವಾಹ ಏರಿದಷ್ಟೂ ಅಲ್ಲಿ ತುಂತುರು ಏಳುತ್ತದೆ, ಅನ್ನ ಬಸಿದ ಆವಿಯ ಹಾಗೆ. ಆ ವರ್ಷ ಪಡುವಣ ಗಾಳಿಯೂ ಜೋರು. ಗಾಳಿ ಆ ತುಂತುರನ್ನು ಹೊತ್ತು ತಂದು ತೆರೆ ತೆರೆಯಾಗಿ ದೀಪದ ದಾರಿಗೆ ಅಡ್ಡ ಹಿಡಿಯುತ್ತಿತ್ತು. ತಿಳಿಯಾದ ದಿನ ಒಂದು ಚಿತ್ರ ರೆಪ್ಪೆ ಬಡಿಯುವಷ್ಟರಲ್ಲಿ ಹೊಳೆ ದಾಟುತ್ತದೆ. ಮಬ್ಬು ಕವಿದಾಗ ಯಂತ್ರ ತಾನೇ ನಿಧಾನಿಸುತ್ತದೆ, ಕಿವಿ ಮಂದವಾದವರಿಗೆ ನಾವು ಬಿಡಿಸಿ ಬಿಡಿಸಿ ಹೇಳುವುದಿಲ್ಲವೇ ಹಾಗೆ. ಹಾಗೆ ಹೇಳಿದರೆ ಕಣ್ಣಿನ ಚಿತ್ರವೊಂದಕ್ಕೆ ಎರಡೂವರೆ ನಿಮಿಷ ಬೇಕು. ತೆರೆ ಬರುತ್ತಿದ್ದುದು ಮುಕ್ಕಾಲು ನಿಮಿಷಕ್ಕೊಮ್ಮೆ. ತೆರೆ ಬಂದೊಡನೆ ಎರಡೂ ದಡದ ಯಂತ್ರಗಳ ಕಣ್ಣು ತಪ್ಪುತ್ತಿತ್ತು, ಅಷ್ಟು ಹೊತ್ತು ಬಂದದ್ದನ್ನು ಆ ದಡದ ಯಂತ್ರ ಅಳಿಸಿ ಹಾಕುತ್ತಿತ್ತು, ಮತ್ತೆ ಮೊದಲಿಂದ ಶುರು.

ಮಾತಿಗೇನೂ ತೊಂದರೆ ಇರಲಿಲ್ಲ. ಮಾತು ಚಿಕ್ಕದು, ಒಂದು ಬಿಡುವಿನಲ್ಲಿ ನುಸುಳಿಬಿಡುತ್ತದೆ. ಕಲ್ಲಮೊರಡಿಯ ಎಂಜಿನಿಯರು ದಸ್ತಗೀರ ಆ ದಡದಿಂದ ಮಾತಾಡುತ್ತಲೇ ಇದ್ದ. ಸಂಜೆಯ ಚಿತ್ರಗಳಂತೆ ಕುಗ್ಗಿಸಿ ಕಳಿಸಿದರೆ ಹೋದೀತೇನೋ ಎಂದು ಹುಲಿಗೆವ್ವ ಕೇಳಿದಳು. ಕೂದಲಿಗಿಂತ ತೆಳುವಾದ ನಾಳಗಳವು, ಕುಗ್ಗಿಸಿದರೆ ಮೊದಲು ಅಳಿಯುವುದೇ ಅವು ಎಂದ ಅವನು. ದೀಪವನ್ನು ಏರಿಸಬಹುದಾದಷ್ಟೂ ಏರಿಸಿ ನೋಡಿದರು. ಗಾಳಿ ಇಳಿಯುವ ಹೊತ್ತು ನೋಡಿ ಕಳಿಸೋಣವೆಂದರೆ ಗಾಳಿ ಇಳಿಯುವಾಗ ಮಂಜು ಕೂರುತ್ತಿತ್ತು. ಅಂದು ಸೂರ್ಯ ಇಳಿಯುವುದರೊಳಗೆ ಹನ್ನೊಂದು ಸಲ ಕಳಿಸಿದರು, ಹನ್ನೊಂದು ಸಲವೂ ಕಾಲು ಭಾಗ ಹೋಗಿ ಹರಿಯಿತು.

ಹನ್ನೊಂದನೆಯ ಸಲವಾದ ಮೇಲೆ ಭೂಮಿಕಾ ಕಟ್ಟೆಯ ಕೆಳಗೆ ಬಂದಳು. ಎದೆಗೆ ಕಟ್ಟಿದ ಬಟ್ಟೆಯೊಳಗಿಂದ ಕೂಸಿನ ನೆತ್ತಿಯಷ್ಟೇ ಕಾಣುತ್ತಿತ್ತು. ಅವಳು ಅಳಲಿಲ್ಲ. ಮೆಲ್ಲಗೆ ಕೇಳಿದಳು.

"ಅತ್ತಿ, ನಾಡದು ಮೂವತ್ತು ಮುಗೀತೈತಿ. ಮೂವತ್ತೊಂದಕ್ಕ ಕಳಿಸಿದ್ರ ಆಗಂಗಿಲ್ಲೇನು?"

ಹುಲಿಗೆವ್ವ ಅವಳಿಗೆ ಸುಳ್ಳು ಹೇಳಲಾರಳು. ಮೂವತ್ತೊಂದಕ್ಕೆ ಹೋದರೆ ಅಂದೇ ಕಣ್ಣು ಹೋಗುತ್ತದೆಂದಲ್ಲ, ಆದರೆ ಯಾವ ದಿನ ಹೋಗುತ್ತದೆಂದು ಹೇಳುವವರು ಚಿತ್ರ ನೋಡದೆ ಹೇಳಲಾರರು ಎಂದಳು. ಬೆಚ್ಚಗಿಟ್ಟುಕೊಂಡು ಮಲಗು, ನಾಳೆ ಬೆಳಗಾಗಲಿ ಎಂದು ಕಳಿಸಿದಳು.

ಮನೆಯೊಳಗೆ ಬಂದು ಕೂತರೆ ಕೈ ಸುಮ್ಮನಿರಲೊಲ್ಲದು. ಇನ್ನೂ ಬೆಳಕಿತ್ತು. ಆ ಕೂಸಿಗೆಂದೇ ಒಂದು ಪುಟ್ಟ ಕೌದಿ ಹಾಕಬೇಕೆಂದು ಮಂದಿಯ ಮನೆಯಿಂದ ತಂದಿಟ್ಟ ಹಳೆ ಸೀರೆಗಳನ್ನು ಹುಲಿಗೆವ್ವ ಪಡಸಾಲೆಯಲ್ಲಿ ಹಾಸಿದಳು. ಗದ್ದೆಪ್ಪ ಕಂಬಕ್ಕೆ ಒರಗಿ ಸೂಜಿಗೆ ದಾರ ಪೋಣಿಸುತ್ತಿದ್ದ, ಅವಳ ಕಣ್ಣಿಗೆ ಸೂಜಿಯ ತೂತು ಕಾಣದಾದ ಮೇಲೆ ಅದು ಅವನ ಪಾಲಿನ ಕೆಲಸವಾಗಿತ್ತು. ಅವಳು ಮೊದಲ ಸೀರೆಯ ತುಂಡನ್ನು ಹಾಸಿ ಕೈಯಿಂದ ಸವರಿದಳು. ಒಂದು ಬದಿ ಜಾಳುಜಾಳು, ಬೆರಳು ಆಚೆ ಹೋಗುವಷ್ಟು ಸವೆದಿತ್ತು. ಅದರ ಮೇಲೆ ಎರಡನೆಯದನ್ನು ಹಾಸಿದಳು. ಗದ್ದೆಪ್ಪ ನೋಡುತ್ತಿದ್ದವನು, ಎಲ್ಲರ ಸೀರೆಯೂ ಒಂದೇ ಕಡೆ ಹರಿದಿವೆಯಲ್ಲ ಎಂದ.

ಕೂತಲ್ಲಿ ಸವೆಯದೆ ಮತ್ತೆಲ್ಲಿ ಸವೆಯುತ್ತದೆ ಎಂದು ಅವಳು ನಕ್ಕಳು. ಹೆಂಗಸರು ಕೂರುವುದೇ ಕಡಿಮೆ, ಆದರೂ ಸೀರೆ ಹರಿಯುವುದು ಅಲ್ಲೇ. ಅದಕ್ಕೇ ಒಂದನ್ನು ಹಾಸಿದಂತೆ ಇನ್ನೊಂದನ್ನು ಹಾಸಬಾರದು ಎಂದು ಹೇಳುತ್ತ, ಎರಡನೆಯದನ್ನು ಸರಕ್ಕನೆ ತಿರುಗಿಸಿ ತಲೆಕೆಳಗು ಮಾಡಿದಳು. ಮೂರನೆಯದನ್ನು ಅಡ್ಡ ಹಾಕಿದಳು. ಒಂದರ ತೂತಿನ ಕೆಳಗೆ ಇನ್ನೊಂದರ ಗಟ್ಟಿ ಬಟ್ಟೆ ಬಂದು ಕೂತಿತು. ನಾಲ್ಕನೆಯ ತುಂಡು ಕೈಯಲ್ಲಿತ್ತು, ಅದನ್ನು ಹಾಸಲಿಲ್ಲ. ಹಾಗೆಯೇ ಹಿಡಿದುಕೊಂಡು ಕೂತಳು.

"ಏನಾತು?" ಎಂದ ಗದ್ದೆಪ್ಪ.

"ನಾ ಇವತ್ತು ಹನ್ನೊಂದು ಸೀರಿ ಒಂದ ಮಗ್ಗಲಕ್ಕ ಹಾಸೇನಿ" ಎಂದಳು ಹುಲಿಗೆವ್ವ.

ಮರುದಿನ ಹೊತ್ತು ಹುಟ್ಟುವಾಗಲೇ ಅವಳು ಕಟ್ಟೆಯ ಮೇಲಿದ್ದಳು. ಆ ದಡದಲ್ಲಿ ದಸ್ತಗೀರನ ದನಿ ನಿದ್ದೆಯಿಲ್ಲದ ದನಿಯಾಗಿತ್ತು. ಕೂಸಿನ ಅಪ್ಪ ದುರುಗೇಶ ಅವನ ಪಕ್ಕದಲ್ಲೇ ಇದ್ದ, ಚಹಾ ಕೂಡ ಕುಡಿಯಲಿಲ್ಲವಂತೆ. ತುಂತುರಿನ ತೆರೆಗಳ ನಡುವೆ ಹುಲಿಗೆವ್ವ ಕೇಳಿದಳು: ನಿನ್ನೆ ಹರಿದು ಬಂದ ಚಿತ್ರಗಳೆಲ್ಲ ಎಲ್ಲಿವೆ?

ಇಲ್ಲ, ಯಂತ್ರ ಅಳಿಸಿತು ಎಂದ ದಸ್ತಗೀರ. ಅಪೂರ್ಣವಾದ ವೈದ್ಯಚಿತ್ರವನ್ನು ಉಳಿಸಿಕೊಳ್ಳಬಾರದೆಂದು ನಿಯಮವಿತ್ತು. ಹಿಂದೆ ಎಲ್ಲೋ ಒಂದು ಕಡೆ ಅರ್ಧ ಬಂದ ಚಿತ್ರವನ್ನು ಯಂತ್ರ ತನ್ನ ಊಹೆಯಿಂದ ತುಂಬಿಸಿತಂತೆ, ವೈದ್ಯರು ಆ ಊಹೆಗೇ ಔಷಧ ಕೊಟ್ಟರಂತೆ. ಅಂದಿನಿಂದ ಪೂರ್ತಿ ಬಂದರೆ ಚಿತ್ರ, ಇಲ್ಲದಿದ್ದರೆ ಕಸ.

"ಹರಿದದ್ದನ್ನ ಯಾಕ ಒಗೀತೀಯಪಾ?" ಎಂದಳು ಹುಲಿಗೆವ್ವ. "ನಾ ಜೀವನದಾಗ ಒಂದೂ ಪೂರ್ತಿ ಸೀರಿಲಿಂದ ಕೌದಿ ಹೊಲದಿಲ್ಲ."

 ಒಂದು ತೆರೆ ಬಂದು ಹೋಯಿತು. ಹರಕುಗಳನ್ನು ಇಟ್ಟುಕೊಂಡರೂ ಪ್ರಯೋಜನವಿರಲಿಲ್ಲ, ಹನ್ನೊಂದರಲ್ಲೂ ಬಂದದ್ದು ಕಣ್ಣಿನ ಮೇಲಿನ ಕಾಲು ಭಾಗವೇ, ಉಳಿದದ್ದು ಬರಲೇ ಇಲ್ಲ ಎಂದ ದಸ್ತಗೀರ. ದೀಪ ಯಾವಾಗಲೂ ಮೇಲಿನ ಸಾಲಿನಿಂದಲೇ ಶುರು ಮಾಡುತ್ತದೆ, ಈ ಪೆಟ್ಟಿಗೆಗೆ ಬೇರೆ ಬಗೆ ಬಾರದು. ಅದನ್ನು ಬದಲಿಸಬೇಕೆಂದರೆ ಪೆಟ್ಟಿಗೆಯನ್ನೇ ಬಿಚ್ಚಬೇಕು, ಬಿಚ್ಚಬಲ್ಲವನು ಆ ದಡದಲ್ಲಿದ್ದ.

ದೀಪ ಮೇಲಿಂದಲೇ ಹೇಳಲಿ, ನಾನು ಚಿತ್ರವನ್ನು ತಿರುಗಿಸುತ್ತೇನೆ ಎಂದಳು ಹುಲಿಗೆವ್ವ. ಒಂದು ಸಲ ನೆಟ್ಟಗೆ, ಒಂದು ಸಲ ತಲೆಕೆಳಗೆ, ಒಂದು ಸಲ ಎಡ ಮಗ್ಗುಲು ಮೇಲೆ ಮಾಡಿ, ಒಂದು ಸಲ ಬಲ ಮಗ್ಗುಲು. ಸೊಟ್ಟ ಮುಖಗಳನ್ನು ನೆಟ್ಟಗೆ ಮಾಡುವ ಗುಂಡಿ ಇದೆಯಲ್ಲ, ಅದೇ ಸಾಕು. ಪ್ರತಿ ಸಲವೂ ಕಾಲು ಭಾಗ ಬರುತ್ತದೆ, ಆದರೆ ಪ್ರತಿ ಸಲವೂ ಬೇರೆ ಕಾಲು. ನೀನು ಮಾತ್ರ ಒಗೆಯಬೇಡ, ಮತ್ತೆ ತಿರುಗಿಸಿ ಒಂದರ ಮೇಲೊಂದು ಹಾಸು.

ದಸ್ತಗೀರ ಅದನ್ನೇ ತನ್ನ ಮಾತಿನಲ್ಲಿ ಮತ್ತೊಮ್ಮೆ ಹೇಳಿ ನೋಡಿದ. ಕೊನೆಗೆ, ಬಂದ ಸಾಲುಗಳನ್ನು ಹಿಡಿದಿಡುವಂತೆ ಯಂತ್ರಕ್ಕೆ ಹೊಸ ಆದೇಶ ಬರೆಯಲು ತನಗೆ ಒಂದು ತಾಸು ಸಾಕು, ಆದರೆ ನಿಯಮ ಮುರಿಯಲು ತಾನು ಯಾರು, ಡಾಕ್ಟರನ್ನೇ ಕೇಳುತ್ತೇನೆ ಎಂದ.

ಆ ಒಂದು ತಾಸಿನಲ್ಲಿ ಹುಲಿಗೆವ್ವ ಆರೋಗ್ಯ ಕೇಂದ್ರಕ್ಕೆ ಹೋದಳು. ಭೂಮಿಕಾ ಗೋಡೆಗೆ ಒರಗಿ ಕೂತಿದ್ದಳು, ಕೂಸು ಎದೆಯ ಮೇಲೆ ಕಪ್ಪೆಮರಿಯಂತೆ ಅಂಟಿಕೊಂಡು ಮಲಗಿತ್ತು. ಲಲಿತಾಬಾಯಿ ಗಂಜಿ ಕಾಯಿಸಿ ತಂದಿಟ್ಟು, ತಾಯಿ ಉಣ್ಣದಿದ್ದರೆ ಕೂಸು ಏನು ಉಣ್ಣಬೇಕು ಎಂದು ಗದರುತ್ತಿದ್ದಳು. ಏನಾದರೂ ಹೇಳು ಅತ್ತೆ ಎಂದು ಭೂಮಿಕಾ ಕೇಳಿದಾಗ, ಹುಲಿಗೆವ್ವ ಸೀರೆಗಳ ವಿಷಯ ಹೇಳಿದಳು. ಭೂಮಿಕಾ ಕೇಳಿ ಕೇಳಿ, ನಡುವೆ ಉಳಿಯುವ ಜಾಗಕ್ಕೆ ಏನು ಮಾಡುತ್ತೀ ಎಂದಳು. ಹುಡುಗಿ ಚುರುಕು. ನಾಲ್ಕು ಮಗ್ಗುಲಿಂದ ಕಾಲು ಕಾಲು ಬಂದರೆ ನಡುವೆ ಒಂದು ಚೌಕ ಉಳಿದೇ ಉಳಿಯುತ್ತದೆಂದು ಹುಲಿಗೆವ್ವನಿಗೆ ಬೆಳಿಗ್ಗೆಯೇ ಹೊಳೆದಿತ್ತು.  ಗಂಜಿ ಆರುತ್ತದೆ, ಉಣ್ಣು ಎಂದಳು.

ಅವಳು ಮರಳಿ ಕಟ್ಟೆ ಹತ್ತುವಾಗ ಡಾಕ್ಟರ ಉತ್ತರ ಬಂದಿತ್ತು. ಕಳಿಸಿ, ಆದರೆ ಎರಡು ಕರಾರು ಎಂದಿದ್ದರು. ಬಾರದ ಜಾಗವನ್ನು ಯಂತ್ರ ಊಹಿಸಿ ತುಂಬಬಾರದು, ಅದು ಕಪ್ಪಾಗಿಯೇ ಇರಬೇಕು. ಯಾವ ತುಂಡು ಯಾವ ಸಲ ಬಂದದ್ದೆಂದು ಪ್ರತಿಯೊಂದರ ಮೇಲೂ ಬರೆದಿರಬೇಕು. ಈ ಎರಡಿದ್ದರೆ ನಿಯಮದ ಹೊಣೆ ನನ್ನದು.

ಬಲಗಣ್ಣಿನಿಂದ ಶುರು ಮಾಡಿದರು. ನೆಟ್ಟಗೆ ಕಳಿಸಿದ್ದು ಕಾಲು ಭಾಗಕ್ಕೆ ಹರಿಯಿತು. ಹುಲಿಗೆವ್ವ ಗಾಜು ಒರೆಸಿ, ಚಿತ್ರವನ್ನು ತಲೆಕೆಳಗು ಮಾಡಿ ಒತ್ತಿದಳು. ಅದೂ ಕಾಲಕ್ಕೇ ಹರಿಯಿತು. ಈ ಸಲ ಹರಿದಾಗ ಅವಳಿಗೆ ನೋವಾಗಲಿಲ್ಲ, ಹರಿಯಲೆಂದೇ ಕಳಿಸಿದ್ದು. ಎಡ ಮಗ್ಗುಲಿನ ಹೊತ್ತಿಗೆ ಗಾಳಿ ತುಸು ಹಿಂಜರಿದು ಕಾಲಿಗಿಂತ ಒಂದು ಬೆರಳು ಹೆಚ್ಚೇ ಬಂತು. ಬಲ ಮಗ್ಗುಲಿನದು ಮೂರು ಸಲ ತಪ್ಪಿ ನಾಲ್ಕನೆಯ ಸಲಕ್ಕೆ ಹಿಡಿಯಿತು. ಆಮೇಲೆ ಎಡಗಣ್ಣು. ಬೆಳ್ಳಕ್ಕಿಯ ಹಿಂಡೊಂದು ಸಾಲಾಗಿ ದೀಪದ ದಾರಿಗೆ ಅಡ್ಡ ಹಾದು ಒಂದು ಸಲವನ್ನು ಪೂರ್ತಿ ನುಂಗಿತು, ಕೆಳಗೆ ನಿಂತ ಗದ್ದೆಪ್ಪ ಅವುಗಳ ಕುಲವನ್ನೆಲ್ಲ ಎತ್ತಿ ಬೈದ. ಸುದ್ದಿ ಹಬ್ಬಿ ಊರವರು ಒಬ್ಬೊಬ್ಬರಾಗಿ ಬಂದು ಕಟ್ಟೆಯ ಸುತ್ತ ಕೂತರು.  ಒಲೆಯ ಹೊಗೆ ಆ ಕಡೆಗೆ ಹೋದೀತೆಂದು ಆ ಬೆಳಿಗ್ಗೆ ಆರು ಮನೆಯವರು ರೊಟ್ಟಿ ಬಡಿಯಲಿಲ್ಲವೆಂದು ಅವಳಿಗೆ ಆಮೇಲೆ ಗೊತ್ತಾಯಿತು.

ಮಧ್ಯಾಹ್ನದ ಹೊತ್ತಿಗೆ ದಸ್ತಗೀರ ಎರಡೂ ಕಣ್ಣನ್ನು ಹೊಂದಿಸಿ ಕೂರಿಸಿದ್ದ. ಬದಿಗೆ ಬದಿ ಕೂಡಿದಲ್ಲಿ ನಾಳದ ಎಳೆ ಒಂದೂ ತಪ್ಪಿಲ್ಲ ಎಂದ. ಆದರೆ ಎರಡೂ ಕಣ್ಣಿನ ನಡುವೆ ಒಂದೊಂದು ಕಪ್ಪು ಚೌಕ ಉಳಿದಿತ್ತು. ನಡುವನ್ನು ತುಂಬಲು ಇನ್ನಷ್ಟು ಪ್ರಯತ್ನ ಮಾಡಲೇ ಎಂದು ಅವನು ಡಾಕ್ಟರನ್ನು ಕೇಳಿದ, ಕೇಳಿದವನು ಅವರ ಮಾತನ್ನೇ ದೀಪದ ಮೇಲೆ ಈ ದಡಕ್ಕೆ ಬಿಟ್ಟ. ಡಾಕ್ಟರ ದನಿ ಹುಲಿಗೆವ್ವನ ಪೆಟ್ಟಿಗೆಯಿಂದ, ನಡುನಡುವೆ ತುಂಡಾಗುತ್ತ, ಊರವರಿಗೆಲ್ಲ ಕೇಳಿಸಿತು.

"ನಡುವಿನದು ಈಗ ಬೇಡ. ಬಳ್ಳಿ ಹುಟ್ಟುವುದು ನಡುವೆ, ಅದು ಎಲ್ಲಿ ನಿಂತಿದೆ ಅನ್ನೋದು ನನಗೆ ಬೇಕು. ನಿಲ್ಲೋದು ಅಂಚಿನಲ್ಲಿ. ನೀವು ಅಂಚನ್ನು ಪೂರ್ತಿ ಕಳಿಸಿದ್ದೀರಿ."

ಒಂದು ತೆರೆ ಬಂತು. ಹೊಳೆಯ ಸದ್ದು ಬಿಟ್ಟು ಏನೂ ಇಲ್ಲ. ಭೂಮಿಕಾ ಯಾವಾಗ ಬಂದು ಪಕ್ಕದಲ್ಲಿ ನಿಂತಳೋ, ಅವಳ ಕೈ ಹುಲಿಗೆವ್ವನ ಸೆರಗನ್ನು ಹಿಡಿದಿತ್ತು. ತೆರೆ ಸರಿಯಿತು.

"ಬಲಗಣ್ಣಿಗೆ ಭಯವಿಲ್ಲ, ತಾನೇ ಬೆಳೀತಾ ಇದೆ. ಎಡಗಣ್ಣಿನ ಕೆಳ ಅಂಚಿನಲ್ಲಿ ಗಂಟು ಕಟ್ಟಿದೆ. ಎರಡು ದಿನದೊಳಗೆ ಲೇಸರ್ ಮಾಡಬೇಕು. ನಾನು ದೋಣಿಗೆ ಬರೆದುಕೊಟ್ಟಿದ್ದೇನೆ. ಕೂಸನ್ನು ನೀರಿಗೆ ಇಳಿಸೋದು ಬೇಡ, ನಾನೇ ಬರ್ತೀನಿ."

ಕೆಳ ಅಂಚು. ತಲೆಕೆಳಗು ಮಾಡಿ ಕಳಿಸಿದ ತುಂಡಿನಲ್ಲಿ ಹೋದದ್ದು ಅದು. ಹುಲಿಗೆವ್ವ ಕಟ್ಟೆಯ ಮೇಲೆ ಮೆಲ್ಲಗೆ ಕೂತಳು.

ಮೂವತ್ತನೆಯ ದಿನ ಬೆಳಿಗ್ಗೆ ದೋಣಿ ಬಂತು. ಆರು ಜನ ಗಟ್ಟಿಮುಟ್ಟಾದ ಹುಡುಗರ ನಡುವೆ ಕಿತ್ತಲೆ ಬಣ್ಣದ ಜಾಕೀಟು ತೊಟ್ಟ ಡಾಕ್ಟರ್ ಮೇಘನಾ, ಎದೆಗೆ ಲೇಸರಿನ ಪೆಟ್ಟಿಗೆಯನ್ನು ಅವುಚಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ಇಳಿದವರೇ ದಡದಲ್ಲಿ ಒಮ್ಮೆ ವಾಂತಿ ಮಾಡಿಕೊಂಡರು. ಗದ್ದೆಪ್ಪ ಅವರಿಗೆ ಮಜ್ಜಿಗೆ ತಂದುಕೊಟ್ಟು, ಮೊದಲ ಸಲ ಹೊಳೆ ದಾಟಿದವರಿಗೆಲ್ಲ ಹೀಗೇ ಆಗುತ್ತದೆ, ತನ್ನ ಹರಿಗೋಲಿನಲ್ಲಿ ಒಬ್ಬ ತಹಶೀಲ್ದಾರರಿಗೂ ಆಗಿತ್ತು ಎಂದು ಸಮಾಧಾನ ಹೇಳಿದ. ದೋಣಿಯ ಹಿಂದೆ ಕೂತಿದ್ದ ದುರುಗೇಶ ಮಾತ್ರ ಯಾರನ್ನೂ ನೋಡದೆ ಆರೋಗ್ಯ ಕೇಂದ್ರದ ಕಡೆ ಓಡಿದ್ದ. ಅಪ್ಪ ಮಗಳು ಮುಖ ನೋಡಿದ್ದು ಹನ್ನೊಂದು ದಿನದ ಮೇಲೆ.

ಕೆಲಸ ಮುಗಿಯಲು ಮುಕ್ಕಾಲು ತಾಸು ಹಿಡಿಯಿತು. ಹೊರಗೆ ಬಂದ ಡಾಕ್ಟರು ಕೈ ತೊಳೆಯುತ್ತ, ಸರಿಯಾದ ಹೊತ್ತಿಗೆ ಆಯಿತು, ಇನ್ನು ಕಾಯಬೇಕು, ಕಣ್ಣು ಎಷ್ಟು ಉಳಿಯಿತೆಂದು ಕೂಸೇ ಹೇಳಬೇಕು, ಮೂರು ತಿಂಗಳು ತಾಳಿ ಎಂದರು. ಆಮೇಲೆ, ಚಿತ್ರ ತಿರುಗಿಸಿದವರು ಯಾರು ಎಂದು ಕೇಳಿ ಕಟ್ಟೆಯ ಹತ್ತಿರ ಬಂದರು. ಹುಲಿಗೆವ್ವ ಪಡಸಾಲೆಯಲ್ಲಿ ಅರ್ಧ ಹೊಲಿದಿಟ್ಟ ಕೌದಿಯನ್ನು ತೋರಿಸಿದಳು. ಡಾಕ್ಟರು ಅದರ ಅಂಚನ್ನು ಮಗುಚಿ, ಪದರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಬಹಳ ಹೊತ್ತು ನೋಡಿದರು.

ದಸ್ತಗೀರ ಮುಂದೆ ಅದನ್ನೆಲ್ಲ ಬರೆದು ಮೇಲಿನವರಿಗೆ ಕಳಿಸಿದನಂತೆ. ಹರಕು ತುಂಡುಗಳನ್ನು ಇಟ್ಟುಕೊಳ್ಳಬಹುದೆಂದು, ಚಿತ್ರವನ್ನು ನಾಲ್ಕು ಮಗ್ಗುಲಿಂದ ಕಳಿಸಬಹುದೆಂದು ಮೌನವಲಯದ ದೀಪದಕಟ್ಟೆಗಳಿಗೆಲ್ಲ ಸುತ್ತೋಲೆ ಬಂತು. ಅದರಲ್ಲಿ ದೊಡ್ಡ ದೊಡ್ಡ ಪದಗಳಿದ್ದವು. ಹುಲಿಗೆವ್ವ ಎರಡು ಸಲ ಓದಿ, ಇದರಲ್ಲಿ ಸೀರೆಯ ಮಾತೇ ಇಲ್ಲವಲ್ಲ ಎಂದು ಮಡಿಸಿಟ್ಟಳು.

ಹೊಳೆ ಇಳಿಯಿತು. ಮುಳುಗಿದ ದಾರಿ ಕೆಸರು ಹೊದ್ದು ಮೇಲೆ ಬಂತು. ಹಿಂಗಾರಿ ಜೋಳ ಬಿತ್ತಿ ಮೊಣಕಾಲೆತ್ತರ ಬೆಳೆಯಿತು. ಕೂಸಿಗೆ ಗಂಗಾ ಎಂದು ಹೆಸರಿಟ್ಟರು, ಎಷ್ಟು ಬೇಡವೆಂದರೂ ಒಂದು ಹೊಳೆಯ ಹೆಸರೇ ಬಂತು. ಗಂಗಾ ದಪ್ಪಗಾದಳು, ನಗಲು ಕಲಿತಳು, ದನಿ ಕೇಳಿದ ಕಡೆ ತಿರುಗುತ್ತಿದ್ದಳು. ಆದರೆ ದನಿಗೆ ತಿರುಗಿದ್ದೋ ಮುಖ ಕಂಡು ತಿರುಗಿದ್ದೋ ಎಂದು ಭೂಮಿಕಾ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು, ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ. ಲಲಿತಾಬಾಯಿ ಕಣ್ಣಿನ ಪರೀಕ್ಷೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಳು. ಅದಕ್ಕೆ ಇನ್ನೂ ನಾಲ್ಕು ದಿನವಿತ್ತು.

ಅಂದು ಬೆಳಿಗ್ಗೆ ಭೂಮಿಕಾ ಹೊಲಕ್ಕೆ ಹೋಗುವ ಮುಂಚೆ ಕೂಸನ್ನು ಹುಲಿಗೆವ್ವನ ತೊಡೆಯ ಮೇಲೆ ಮಲಗಿಸಿದಳು. ಎಳೆಬಿಸಿಲು ಅಂಗಳಕ್ಕೆ ಬಂದಿತ್ತು. ಹುಲಿಗೆವ್ವ ಕೂಸಿನ ಬಲಗಣ್ಣನ್ನು ಅಂಗೈಯಿಂದ ಮೆಲ್ಲಗೆ ಮುಚ್ಚಿ, ಲೇಸರ್ ಆದ ಎಡಗಣ್ಣನ್ನಷ್ಟೇ ಬಿಟ್ಟು, ಮುಖವನ್ನು ಹತ್ತಿರ ತಂದು ನೋಡಿದಳು. ಭೂಮಿಕಾಳೂ ಬುತ್ತಿಯ ಗಂಟು ಹಿಡಿದು ಹಾಗೆಯೇ ನಿಂತಳು.

ಕೂಸು ಹುಲಿಗೆವ್ವನ ಮುಖವನ್ನು ನೋಡಲಿಲ್ಲ. ಅವಳ ಮೂಗುಬೊಟ್ಟನ್ನು ನೋಡಿತು. ಅದರ ಹರಳಿಗೆ ಬಿಸಿಲು ತಾಗಿತ್ತು. ಹುಲಿಗೆವ್ವ ತಲೆಯನ್ನು ಒಂದಿಷ್ಟು ಎಡಕ್ಕೆ ಸರಿಸಿದಳು. ಆ ಒಂದು ಕಣ್ಣು, ತಡವಿಲ್ಲದೆ, ಎಡಕ್ಕೆ ಬಂತು. ಬಲಕ್ಕೆ ಸರಿಸಿದಳು, ಬಲಕ್ಕೆ ಬಂತು.

"ನನ್ನ ಮಾರಿ ಬ್ಯಾಡಂತ ಇಕಿಗೆ, ಮೂಗುಬೊಟ್ಟು ಬೇಕಂತ" ಎಂದಳು ಹುಲಿಗೆವ್ವ.

ಭೂಮಿಕಾ ಬುತ್ತಿಯನ್ನು ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳು. ಅಂದು ಅವಳು ಹೊಲಕ್ಕೆ ಹೋಗಲಿಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಕತ್ತು ನೋಯುವವರೆಗೂ ಹುಲಿಗೆವ್ವ ತಲೆಯಾಡಿಸುತ್ತಲೇ ಇದ್ದಳು.